ಕೋವಿ ಹಿಡಿದವನ ಹೊಣೆ

ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಬೀದರ ಜಿಲ್ಲೆಯ ಹುಮನಾಬಾದ್ ಸಿಗುತ್ತದೆ. ಅದರ ಮಗ್ಗುಲಲ್ಲೇ ಮಾಣಿಕನಗರ. ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ನೆಲೆನಿಂತು, 1865ರಲ್ಲಿ ಸಮಾಧಿಸ್ಥರಾದ ಊರು ಇದು. ಎಲ್ಲ ಮತಗಳೂ ಒಂದೇ ಸತ್ಯದ ಕಡೆಗೆ ಸಾಗುವ ದಾರಿಗಳೆಂಬ ‘ಸಕಲಮತ’ ತತ್ವವನ್ನು ಸಾರಿದ ಪ್ರಭುಗಳ ಸನ್ನಿಧಿಗೆ ಹಿಂದೂಗಳೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ. ಇಂಥ ಊರಿನ ಹೆಸರಿನೊಂದಿಗೆ ಬಂದೂಕಿನ ಮಾತು ತೆಗೆಯುವುದು ಓದುಗರಿಗೆ ಅಸಂಗತವೆನಿಸಬಹುದು. ಆದರೆ ‘ನನ್ನ ಜೀವ, ನನ್ನ ಮನೆ ಕಾಯಲು ನನಗೊಂದು ಬಂದೂಕು ಬೇಕು’ ಎಂಬ ಮಾತಿನ ಹಿಂದೆ ಎಷ್ಟು ನ್ಯಾಯವಿದೆ, ಎಷ್ಟು ಅಪಾಯವಿದೆ ಎಂಬ ಎರಡನ್ನೂ ಒಂದೇ ವರ್ಷದಲ್ಲಿ ಕಂಡುಂಡ ಸೀಮೆ ಇದು. ಆದ್ದರಿಂದ ಆ ಮಾತನ್ನು ಇಲ್ಲಿಂದಲೇ ಆರಂಭಿಸುವುದು ಸೂಕ್ತ.

ಬೀದರ, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಸುತ್ತಾಡಿದವರು ಊರ ನಡುವೆಯೋ ಅಂಚಿನಲ್ಲೋ ನಿಂತಿರುವ ದುಂಡನೆಯ ಎತ್ತರದ ಕಟ್ಟಡವನ್ನು ನೋಡಿರುತ್ತಾರೆ. ಕೆಲವೆಡೆ ಅದನ್ನು ಹುಡೇವು ಎನ್ನುತ್ತಾರೆ, ಕೆಲವೆಡೆ ಬುರುಜು. ಕಲ್ಲು ಮಣ್ಣಿನಿಂದ ಕಟ್ಟಿದ ದಪ್ಪ ಗೋಡೆ, ಮೇಲ್ಭಾಗದಲ್ಲಿ ಸುತ್ತಲೂ ಸಣ್ಣ ಸಣ್ಣ ಕಿಂಡಿಗಳು. ಆ ಕಿಂಡಿಗಳು ಗಾಳಿ ಬೆಳಕಿಗಾಗಿ ಇಟ್ಟವಲ್ಲ. ಕೋವಿಯ ನಳಿಗೆಯನ್ನು ಹೊರಕ್ಕೆ ಚಾಚಲು ಇಟ್ಟವು. ಪಿಂಡಾರಿಗಳೋ ದರೋಡೆಕೋರರೋ ಊರ ಮೇಲೆ ಬಿದ್ದರೆ ಹೆಂಗಸರು, ಮಕ್ಕಳು, ಮುದುಕರು ಅಲ್ಲಿ ಸೇರಬೇಕು. ಗುರಿ ಬಲ್ಲವರು ಕಿಂಡಿಗಳಲ್ಲಿ ನಿಲ್ಲಬೇಕು. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಈಡು ಹಾರಿಸಬೇಕು ಎಂಬುದನ್ನು ಊರಿನ ಗೌಡ, ತಳವಾರ ಮುಂತಾದವರು ನಿರ್ಧರಿಸುತ್ತಿದ್ದರು. ಅಂದರೆ ಆತ್ಮರಕ್ಷಣೆ ಒಬ್ಬನ ಸಿಟ್ಟಿಗೆ ಬಿಟ್ಟ ಕೆಲಸವಾಗಿರಲಿಲ್ಲ. ಅದು ಊರಿನ ಕೆಲಸವಾಗಿತ್ತು. ಕೋವಿ ಹಿಡಿದವನ ಹಿಂದೆ ಅವನನ್ನು ‘ತಡಿ’ ಎನ್ನಬಲ್ಲ ಇನ್ನೊಬ್ಬನಿದ್ದ. ಈ ಎರಡನೆಯ ಮನುಷ್ಯನನ್ನು ನೆನಪಿನಲ್ಲಿಡೋಣ. ಇಂದಿನ ಕಾನೂನೂ ಇಂದಿನ ತರಬೇತಿಯೂ ಹುಡುಕುತ್ತಿರುವುದು ಅವನನ್ನೇ.

ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ನಿಜಾಮನ ಸೀಮೆಯಲ್ಲಿ ಆಯುಧಗಳಿಗೇನೂ ಬರವಿರಲಿಲ್ಲ. ಜಹಗೀರದಾರರು, ಸಾಹುಕಾರರು ಅರಬರನ್ನೂ ರೋಹಿಲಾಗಳನ್ನೂ ಸಂಬಳ ಕೊಟ್ಟು ಕಾವಲಿಗಿಟ್ಟುಕೊಳ್ಳುತ್ತಿದ್ದರು. ಕಾವಲಿಗೆ ಬಂದ ಆ ಬಂದೂಕುಗಳೇ ಸಾಲ ವಸೂಲಿಗೂ ಬೆದರಿಕೆಗೂ ಬಳಕೆಯಾಗಿ ರಾಜ್ಯಕ್ಕೇ ತಲೆನೋವಾದವು. 1853ರಲ್ಲಿ ದಿವಾನಗಿರಿಗೆ ಬಂದ ಮೊದಲನೆಯ ಸಾಲಾರ್ ಜಂಗ್ ಅವರಿಗೆ ಇವರನ್ನು ಹದ್ದುಬಸ್ತಿನಲ್ಲಿಡುವುದೇ ದೊಡ್ಡ ಕೆಲಸವಾಯಿತು. ಆಗ ಬ್ರಿಟಿಷರ ಹಿಡಿತವಿದ್ದ ಕರ್ನಾಟಕದ ಭಾಗಗಳಲ್ಲಿ ನಡೆದದ್ದು ಇದಕ್ಕೆ ವಿರುದ್ಧವಾದ ಕತೆ. 1857ರ ಬಂಡಾಯದ ಹೊತ್ತಿಗೆ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದಾಗ, ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಆ ವರ್ಷದ ನವೆಂಬರಿನಲ್ಲಿ ಪಡೆ ಊರನ್ನು ಮುತ್ತಿ ಬೆಂಕಿಯಿಟ್ಟಿತು. ಹಲವರನ್ನು ಗಲ್ಲಿಗೇರಿಸಲಾಯಿತು. ಹಲಗಲಿಯ ಲಾವಣಿ ಇಂದಿಗೂ ಉತ್ತರ ಕರ್ನಾಟಕದ ನಾಲಗೆಯ ಮೇಲಿದೆ. ಆಯುಧ ಕಸಿದುಕೊಳ್ಳುವ ಸರ್ಕಾರದ ಮೇಲೆ ಜನರಿಗಿರುವ ಸಂಶಯಕ್ಕೆ ಇಷ್ಟು ಹಳೆಯ ಬೇರಿದೆ. ಆ ಸಂಶಯವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ.

1948ರ ಎರಡು ಪಾಠಗಳು

ದೇಶಕ್ಕೆ ಸ್ವಾತಂತ್ರ್ಯ ಬಂದರೂ ಬೀದರ ಸೀಮೆಗೆ ಬರಲಿಲ್ಲ. 1947ರ ಆಗಸ್ಟ್‌ನಿಂದ 1948ರ ಸೆಪ್ಟೆಂಬರ್‌ವರೆಗಿನ ಹದಿಮೂರು ತಿಂಗಳು ರಜಾಕಾರರ ಹಾವಳಿಯ ಕಾಲ. ಆಯುಧವೂ ಆಡಳಿತದ ಕೃಪೆಯೂ ಅವರ ಕಡೆಗಿದ್ದವು. ಹಳ್ಳಿಗರ ಕೈಯಲ್ಲಿ ಕವಣೆ, ಬಡಿಗೆ, ಕೊಡಲಿ, ಅಲ್ಲೊಂದು ಇಲ್ಲೊಂದು ಹಳೆಯ ಮದ್ದು ತುಂಬುವ ಕೋವಿ. ಬಸವಕಲ್ಯಾಣ ತಾಲ್ಲೂಕಿನ ಗೋರಟಾ ಗ್ರಾಮದ ಮೇಲೆ 1948ರ ಮೇ ತಿಂಗಳಲ್ಲಿ ನಡೆದ ದಾಳಿಯಲ್ಲಿ ಸತ್ತವರು ಸುಮಾರು 200 ಮಂದಿ ಎಂಬುದು ಆ ಸೀಮೆಯ ಜನ ಉಳಿಸಿಕೊಂಡು ಬಂದ ಲೆಕ್ಕ. ದಪ್ಪ ಗೋಡೆಯ ವಾಡೆ ಸೇರಿಕೊಂಡವರು ಬದುಕಿದರು. ಬಯಲಲ್ಲಿ ಸಿಕ್ಕವರು ಬದುಕಲಿಲ್ಲ. ಆ ಊರಿನಲ್ಲಿ ಕಟ್ಟಿದ ಹುತಾತ್ಮರ ಸ್ಮಾರಕ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದರ ಮುಂದೆ ನಿಂತವನಿಗೆ ‘ಆತ್ಮರಕ್ಷಣೆಗೆ ಆಯುಧ ಬೇಡ’ ಎಂದು ಉಪದೇಶಿಸುವ ಧೈರ್ಯ ಬರಲಾರದು. ಕಾಯಬೇಕಾದ ಸರ್ಕಾರವೇ ಕೈಬಿಟ್ಟಾಗ ಮನುಷ್ಯ ತನ್ನನ್ನು ತಾನು ಕಾಯಲೇಬೇಕು.

ಹಾಗೆಂದೇ ಗಡಿಯಾಚೆ ಭಾರತದ ನೆಲದಲ್ಲಿ ಶಿಬಿರಗಳು ಎದ್ದವು. ಸ್ವಾಮಿ ರಮಾನಂದ ತೀರ್ಥರ ನಾಯಕತ್ವದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಪ್ರೇರಣೆಯಿಂದ ನಡೆದ ಈ ಶಿಬಿರಗಳಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂಡರಗಿ ಶಿಬಿರ, ಪುಂಡಲೀಕಪ್ಪ ಜ್ಞಾನಮೋಠೆಯವರ ಗಜೇಂದ್ರಗಡ ಶಿಬಿರ ಹೆಸರಾದವು. ಕಲಬುರಗಿ, ಬೀದರಗಳ ಕಡೆಯ ತರುಣರು ಸೊಲ್ಲಾಪುರ, ವಾಗ್ದರಿಗಳ ಕಡೆಗೆ ಹೋಗಿ ಸೇರಿಕೊಂಡರು. ನೇಗಿಲು ಹಿಡಿದಿದ್ದ, ಪಾಟಿ ಹಿಡಿದಿದ್ದ ಹುಡುಗರಿಗೆ ಬಂದೂಕು ಹಿಡಿಯುವುದನ್ನು ಅಲ್ಲಿ ಕಲಿಸಬೇಕಾಯಿತು.

ಇದು ಮೊದಲ ಪಾಠ. ಎರಡನೆಯದನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿ, ಐದೇ ದಿನಗಳಲ್ಲಿ ನಿಜಾಮನ ಸೈನ್ಯ ಶರಣಾಯಿತು. ರಜಾಕಾರರು ಚದುರಿಹೋದರು. ಅಪಾಯ ಕಳೆಯಿತು. ಆದರೆ ಆಯುಧಗಳು ಕೆಳಗಿಳಿಯಲಿಲ್ಲ. ಸೇಡು ಶುರುವಾಯಿತು. ರಜಾಕಾರನಲ್ಲದ, ಯಾರಿಗೂ ಕೇಡು ಬಗೆಯದ ಸಾವಿರಾರು ಮುಸ್ಲಿಮರು ಮುಂದಿನ ವಾರಗಳಲ್ಲಿ ಪ್ರಾಣ ಕಳೆದುಕೊಂಡರು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲರ ತಂಡ ಊರೂರು ತಿರುಗಿ ಕೊಟ್ಟ ವರದಿ, ಇಡೀ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಇರಬಹುದೆಂದು ಅಂದಾಜಿಸಿತು. ಅತಿ ಹೆಚ್ಚು ಹಾನಿಗೊಳಗಾದವೆಂದು ಅದು ಹೆಸರಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ ಮತ್ತು ನಾಂದೇಡ. ದಶಕಗಳ ಕಾಲ ಆ ವರದಿ ಜನರ ಕಣ್ಣಿಗೆ ಬೀಳಲಿಲ್ಲ.

ಮೇ ತಿಂಗಳಲ್ಲಿ ರಕ್ಷಣೆಗೆ ಬೇಕಾಗಿದ್ದ ಆಯುಧ ಸೆಪ್ಟೆಂಬರಿನಲ್ಲಿ ಕೊಲೆಗೆ ಬಳಕೆಯಾಯಿತು. ನಡುವೆ ಬದಲಾದದ್ದು ಆಯುಧವಲ್ಲ, ಹೊತ್ತು. ಅಪಾಯ ಎದುರಿಗೆ ನಿಂತಿದ್ದಾಗ ಎತ್ತಿದ ಕೈಗೂ ಅಪಾಯ ಕಳೆದ ಮೇಲೆ ಎತ್ತಿದ ಕೈಗೂ ಇರುವ ಅಂತರ ಅಜಗಜಾಂತರ. ಆ ಅಂತರವನ್ನು ಅರಿಯುವುದೇ ಕೋವಿ ಹಿಡಿದವನ ಮೊದಲ ವಿದ್ಯೆ.

ಕಾನೂನು ಎಳೆದ ಗೆರೆ

ನಮ್ಮ ದಂಡಸಂಹಿತೆ ಈ ಗೆರೆಯನ್ನು 1860ರಲ್ಲೇ ಎಳೆದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಅದನ್ನೇ ಬಹುಮಟ್ಟಿಗೆ ಮುಂದುವರಿಸಿವೆ. ತನ್ನ ದೇಹವನ್ನೂ ಇತರರ ದೇಹವನ್ನೂ, ಹಾಗೆಯೇ ಆಸ್ತಿಯನ್ನೂ ರಕ್ಷಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಆದರೆ ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕಿಲ್ಲ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕೂ ಇಲ್ಲ. ಪ್ರಾಣ ಹೋಗುವ, ಘೋರ ಗಾಯವಾಗುವ, ಅತ್ಯಾಚಾರ ಅಥವಾ ಅಪಹರಣ ನಡೆಯುವ ಭೀತಿಯಂಥ ಕೆಲವೇ ಸಂದರ್ಭಗಳಲ್ಲಿ ಮಾತ್ರ ದಾಳಿಕೋರನ ಪ್ರಾಣ ತೆಗೆಯುವವರೆಗೆ ಅದು ಚಾಚಿಕೊಳ್ಳುತ್ತದೆ. ಭೀತಿ ಹುಟ್ಟಿದಾಗ ಹಕ್ಕು ಹುಟ್ಟುತ್ತದೆ, ಭೀತಿ ಇರುವವರೆಗೆ ಇರುತ್ತದೆ, ಅದು ಹೋದಾಗ ಹೋಗುತ್ತದೆ.

ಒಂದು ಉದಾಹರಣೆ ನೋಡೋಣ. ರಾತ್ರಿ ಬಾಗಿಲು ಮುರಿದು ಒಳಬಂದ ಕಳ್ಳ ಮಚ್ಚು ಬೀಸುತ್ತಾನೆ. ಮನೆಯ ಯಜಮಾನ ಗುಂಡು ಹಾರಿಸುತ್ತಾನೆ. ಕಾನೂನು ಅವನ ಬೆನ್ನಿಗೆ ನಿಲ್ಲಬಹುದು. ಅದೇ ಕಳ್ಳ ದೀಪ ಹತ್ತಿದ್ದು ಕಂಡು ಬರಿಗೈಯಲ್ಲಿ ಗೋಡೆ ಹಾರಿ ಓಡುತ್ತಿದ್ದಾನೆ. ಯಜಮಾನ ಅಂಗಳಕ್ಕೆ ಬಂದು ಓಡುವವನ ಬೆನ್ನಿಗೆ ಗುಂಡು ಹಾಕುತ್ತಾನೆ. ಈಗ ಅವನು ರಕ್ಷಕನಲ್ಲ, ಆರೋಪಿ. ಎರಡು ಘಟನೆಗಳ ನಡುವೆ ಇರುವುದು ಕೆಲವು ಕ್ಷಣ. ಎದೆ ಹೊಡೆದುಕೊಳ್ಳುತ್ತಿರುವಾಗ, ಕೈ ನಡುಗುತ್ತಿರುವಾಗ, ಕತ್ತಲಲ್ಲಿ ಆ ಕ್ಷಣವನ್ನು ಗುರುತಿಸಬಲ್ಲವನೇ ಬಂದೂಕಿಗೆ ಯೋಗ್ಯ. ಮನಸ್ಸನ್ನು ಮೊದಲೇ ಪಳಗಿಸಿಕೊಳ್ಳದವನಿಗೆ ಅದು ಸಾಧ್ಯವಿಲ್ಲ.

ಆಯುಧ ಇಟ್ಟುಕೊಳ್ಳುವುದಕ್ಕೆ ಬೇರೆಯೇ ಕಾನೂನಿದೆ. 1878ರ ವಸಾಹತು ಕಾಯ್ದೆಯ ಜಾಗಕ್ಕೆ ಬಂದ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಮೂಲಭೂತ ಹಕ್ಕಲ್ಲ, ಷರತ್ತಿನ ಮೇಲೆ ಕೊಡುವ ಪರವಾನಗಿ. 21 ವರ್ಷ ತುಂಬಿರಬೇಕು, ಬುದ್ಧಿ ಸ್ವಸ್ಥವಿರಬೇಕು, ಪೊಲೀಸರ ವರದಿ ಬರಬೇಕು. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ ಅದನ್ನು ಕೊಡುತ್ತಾರೆ. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಬೆಳೆ ಕಾಯಲು ಕೋವಿಯ ಪರವಾನಗಿ ಪಡೆದ ರೈತರೂ ಒಂದು ಮಾತು ತಿಳಿದಿರಬೇಕು. ಹಂದಿ, ಚಿಗರೆಗಳು ತೊಗರಿ ಹೊಲ ಹಾಳುಮಾಡುತ್ತವೆಂಬುದು ನಿಜ. ಆದರೆ ಅದು ಕಾಡುಪ್ರಾಣಿಗಳನ್ನು ಕೊಲ್ಲುವ ಪರವಾನಗಿಯಲ್ಲ. 1972ರ ವನ್ಯಜೀವಿ ರಕ್ಷಣಾ ಕಾಯ್ದೆ ಅದರ ಮೇಲೆ ಕುಳಿತಿದೆ.

ಕಲಿಯಬೇಕಾದದ್ದು ಏನು?

2016ರ ಶಸ್ತ್ರಾಸ್ತ್ರ ನಿಯಮಗಳು ಒಂದು ಮುಖ್ಯ ಅಂಶವನ್ನು ಸೇರಿಸಿದವು. ಪರವಾನಗಿ ಬೇಡುವವನು ಸುರಕ್ಷತಾ ತರಬೇತಿ ಪಡೆದಿರಬೇಕು. ಆಯುಧವನ್ನು ಹಿಡಿಯುವ, ಒಯ್ಯುವ ಕ್ರಮ, ಗುಂಡು ಹಾರಿಸುವ ವಿಧಾನ, ಆಯುಧದ ಆರೈಕೆ, ಮನೆಯಲ್ಲಿ ಮಕ್ಕಳ ಕೈಗೆ ಸಿಗದಂತೆ ಭದ್ರವಾಗಿಡುವುದು ಇವೆಲ್ಲ ಅದರ ಪಠ್ಯ. ಸಾರ್ವಜನಿಕ ಸ್ಥಳದಲ್ಲಿ ಆಯುಧವನ್ನು ಚೀಲದಲ್ಲೋ ಒರೆಯಲ್ಲೋ ಪೂರ್ತಿ ಮರೆಯಾಗಿಟ್ಟು ಒಯ್ಯಬೇಕು, ಝಳಪಿಸಬಾರದು ಎಂಬುದೂ ಆ ನಿಯಮಗಳಲ್ಲೇ ಇದೆ. ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ‘ನಾಗರಿಕ ಬಂದೂಕು ತರಬೇತಿ’ ಶಿಬಿರಗಳನ್ನು ನಡೆಸುತ್ತದೆ. ಬೆಳಿಗ್ಗೆ ಕವಾಯತು, ಆಮೇಲೆ ಆಯುಧದ ಭಾಗಗಳ ಪರಿಚಯ, ಕೊನೆಗೆ ಗುರಿ ಅಭ್ಯಾಸ.

ಎಲ್ಲ ದೇಶಗಳ ತರಬೇತುದಾರರೂ ಮೊದಲು ಕಲಿಸುವ ನಾಲ್ಕು ಸೂತ್ರಗಳಿವೆ. ಪ್ರತಿಯೊಂದು ಬಂದೂಕಿನಲ್ಲೂ ಗುಂಡು ಇದೆಯೆಂದೇ ತಿಳಿಯಬೇಕು. ಕೊಲ್ಲಲು ಸಿದ್ಧನಿಲ್ಲದ ಯಾವುದರ ಕಡೆಗೂ ನಳಿಗೆಯನ್ನು ತಿರುಗಿಸಬಾರದು. ಗುರಿ ನಿಶ್ಚಯವಾಗುವವರೆಗೆ ಟ್ರಿಗರಿನ ಮೇಲೆ ಬೆರಳಿಡಬಾರದು. ಗುರಿಯೇನು, ಗುರಿಯ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು. ಕೇಳಲು ಮಕ್ಕಳ ಪಾಠದಂತಿವೆ. ಆದರೆ ಬಂದೂಕಿನ ಆಕಸ್ಮಿಕಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಈ ನಾಲ್ಕರಲ್ಲಿ ಒಂದಾದರೂ ಮುರಿದಿರುವುದು ಕಾಣುತ್ತದೆ. ‘ಖಾಲಿ ಇದೆ’ ಎಂದುಕೊಂಡು ಒರೆಸಲು ಕುಳಿತವನ ಕೈಯಲ್ಲಿ ಹಾರಿದ ಗುಂಡು ಮೊದಲ ಸೂತ್ರದ್ದು. ಪೊದೆ ಅಲ್ಲಾಡಿತೆಂದು ಹೊಡೆದು, ಹೋಗಿ ನೋಡಿದರೆ ಜೊತೆಗೆ ಬಂದ ಗೆಳೆಯನೇ ಬಿದ್ದಿರುವ ಮಲೆನಾಡಿನ ದಾರುಣ ಸುದ್ದಿ ನಾಲ್ಕನೆಯ ಸೂತ್ರದ್ದು.

ಆತ್ಮರಕ್ಷಣೆಯ ಬಂದೂಕಿಗೆ ನಾಲ್ಕನೆಯ ಸೂತ್ರವೇ ಅತಿ ಕಠಿಣ. ಗುರಿ ಅಭ್ಯಾಸದ ಮೈದಾನದಲ್ಲಿ ಬೆಳಕಿರುತ್ತದೆ, ಗುರಿ ನಿಂತಿರುತ್ತದೆ, ಅದರ ಹಿಂದೆ ಮಣ್ಣಿನ ದಿಬ್ಬವಿರುತ್ತದೆ. ಮನೆಯಲ್ಲಿ ಕತ್ತಲಿರುತ್ತದೆ, ಬಾಗಿಲ ಹಿಂದೆ ನೆರೆಮನೆಯ ಗೋಡೆ, ಆ ಗೋಡೆಯ ಹಿಂದೆ ಮಲಗಿದ ಮಕ್ಕಳು. ಬಾಗಿಲು ತಳ್ಳಿದವನು ಕಳ್ಳನೋ, ತಡವಾಗಿ ಬಂದ ಸ್ವಂತ ಮಗನೋ? ಕೂಗಿ ಕೇಳುವ ಒಂದು ಮಾತು ಎಷ್ಟೋ ಜೀವಗಳನ್ನು ಉಳಿಸಬಲ್ಲದು. ಆದ್ದರಿಂದಲೇ ಬಲ್ಲವರು ಗುರಿಗಿಂತ ಮೊದಲು ಕಲಿಸುವುದು ತಪ್ಪಿಸಿಕೊಳ್ಳುವುದನ್ನು: ದೀಪ ಹಾಕು, ಕೂಗು, ಬಾಗಿಲು ಭದ್ರಪಡಿಸಿ ಮನೆಯವರನ್ನು ಒಂದು ಕೋಣೆಗೆ ಸೇರಿಸು, 112ಕ್ಕೆ ಫೋನ್ ಮಾಡು. ಇಷ್ಟೆಲ್ಲ ಆದ ಮೇಲೂ ಅಪಾಯ ಒಳನುಗ್ಗಿದರೆ ಕೊನೆಯದಾಗಿ ಬಂದೂಕು. ಸೊಂಟದಲ್ಲಿ ಪಿಸ್ತೂಲಿಟ್ಟವನಿಗೆ ಈ ನಿಯಮ ಇನ್ನೂ ಬಿಗಿ. ಅವನು ಕುಡಿಯಬಾರದು, ರಸ್ತೆಯ ಜಗಳಕ್ಕೆ ಇಳಿಯಬಾರದು, ಬೈಗುಳ ಕೇಳಿಯೂ ಮುಂದೆ ಹೋಗಬೇಕು. ಬರಿಗೈಯವನ ಜಗಳ ಹೊಡೆದಾಟದಲ್ಲಿ ಮುಗಿಯಬಹುದು. ಅವನದು ಹೆಣದಲ್ಲಿ ಮುಗಿಯುತ್ತದೆ.

ಇನ್ನೊಂದು ಅಪಾಯ ಮನೆಯ ಒಳಗೇ ಇದೆ. ಅಮೆರಿಕದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಪಿಸ್ತೂಲನ್ನು ಮರೆಯಾಗಿಟ್ಟು ಒಯ್ಯಲು ಈಗ ಪರವಾನಗಿಯೇ ಬೇಡ. ಆ ದೇಶದಲ್ಲಿ ಗುಂಡಿಗೆ ಬಲಿಯಾಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕೈಯಿಂದಲೇ ಸಾಯುವವರು. ಕಳ್ಳನಿಗೆಂದು ತಂದಿಟ್ಟ ಬಂದೂಕು ಮನೆಯವನೇ ಒಬ್ಬ ಎದೆಗುಂದಿದ ರಾತ್ರಿ ಅವನ ಕೈಗೆ ಸಿಗುತ್ತದೆ. ಬಂದೂಕು ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ ಎಂಬ ಕ್ರಮ ಮಕ್ಕಳಿಗಾಗಿ ಮಾತ್ರವಲ್ಲ, ದೊಡ್ಡವರಿಗಾಗಿಯೂ ಇದೆ. ಬೀಗ ತೆಗೆಯಲು ಹಿಡಿಯುವ ಎರಡು ನಿಮಿಷದಲ್ಲಿ ಮನಸ್ಸು ಹೊರಳಬಹುದು.

ಕೊಡಗಿನ ಕಡೆ ನೋಡಿದರೆ

ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ಅವಕಾಶ ಕರ್ನಾಟಕದಲ್ಲಿರುವುದು ಕೊಡಗಿನಲ್ಲಿ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟರು. ಆ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇಂದಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ರಾಜ್ಯ ಹೈಕೋರ್ಟ್ 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ವಿನಾಯಿತಿ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನಮಗಿಲ್ಲಿ ಮುಖ್ಯವಾದದ್ದು ಆ ಸಮಾಜ ಕೋವಿಯ ಸುತ್ತ ಕಟ್ಟಿಕೊಂಡ ಕಟ್ಟಳೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು. ಸದ್ದು ಎಣಿಸಿದ ಊರಿಗೆ ಸುದ್ದಿ ತಿಳಿಯುತ್ತದೆ. ಹಾಗಾಗಿ ಸುಮ್ಮನೆ ಹಾರಿಸುವಂತಿಲ್ಲ. ನಾಟಿಯ ಕಾಲದಲ್ಲಿ ಕೋವಿ ಮನೆಯೊಳಗೆ ದೇವರ ಸ್ಥಾನದಲ್ಲಿ ವಿಶ್ರಮಿಸುತ್ತದೆ. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬದಲ್ಲಿ ಅದನ್ನು ಒರೆಸಿ, ‘ತೋಕ್ ಪೂ’ ಎಂಬ ಹೂವಿಟ್ಟು, ದೀಪದ ಮುಂದೆ ಪೂಜಿಸಿ ಹೊರತೆಗೆಯುತ್ತಾರೆ. ಆಮೇಲೆ ಊರ ಮಂದ್‌ನಲ್ಲಿ ಎಲ್ಲರೆದುರು ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ಕಿರಿಯರು ಕಲಿಯುವುದು ಹಿರಿಯರ ಕಣ್ಣೆದುರಿಗೆ. ಕೊಡಗಿನಲ್ಲೂ ಕೋವಿಯಿಂದ ಕೊಲೆಗಳಾಗಿವೆ, ಆಕಸ್ಮಿಕಗಳಾಗಿವೆ. ಕಟ್ಟಳೆ ಇದ್ದಲ್ಲಿ ಕೇಡೇ ಇಲ್ಲವೆಂದು ಯಾರೂ ಹೇಳಲಾರರು. ಆದರೆ ಯಾವಾಗ ತೆಗೆಯಬೇಕು ಎನ್ನುವಷ್ಟೇ ಗಟ್ಟಿಯಾಗಿ ಯಾವಾಗ ಇಡಬೇಕು ಎಂದು ಹೇಳುವ ಸಂಪ್ರದಾಯ ಅಲ್ಲಿದೆ. ಹುಡೇವಿನ ಕಾಲದಲ್ಲಿ ನಮ್ಮ ಕಡೆಯೂ ಅಂಥದ್ದೇನೋ ಇತ್ತು. 1948ರ ಸೆಪ್ಟೆಂಬರಿನಲ್ಲಿ ಅದು ಇರಲಿಲ್ಲ.

ಇಂದು ಬೀದರ ಜಿಲ್ಲೆಯಲ್ಲೂ ಚುನಾವಣೆ ಘೋಷಣೆಯಾದೊಡನೆ ಪರವಾನಗಿ ಬಂದೂಕುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಲು ಆದೇಶ ಬರುತ್ತದೆ. ಬಟ್ಟೆಯಲ್ಲಿ ಸುತ್ತಿದ ಜೋಡುನಳಿಗೆಯನ್ನು ಹಿಡಿದು ರಸೀದಿಗಾಗಿ ಸಾಲಿನಲ್ಲಿ ನಿಲ್ಲುವ ಯಜಮಾನರಿಗೆ ಅದೊಂದು ಕಿರಿಕಿರಿ. ‘ನಾವೇನು ಗೂಂಡಾಗಳೇ?’ ಎಂಬ ಅವರ ಅಸಮಾಧಾನದಲ್ಲಿ ಹುರುಳಿಲ್ಲದಿಲ್ಲ. ಆದರೂ ಬಿಸಿಯೇರಿದ ದಿನಗಳಲ್ಲಿ ಆಯುಧವನ್ನು ಕೆಲಕಾಲ ಕೈಯಿಂದ ದೂರವಿಡುವ ಆ ಕ್ರಮ, ಈ ಸೀಮೆಯ ಇತಿಹಾಸ ಬಲ್ಲವರಿಗೆ ಅವಮಾನವೆನಿಸಬೇಕಾಗಿಲ್ಲ. ‘ತಡಿ’ ಎನ್ನುವ ಆ ಎರಡನೆಯ ಮನುಷ್ಯ ಈಗ ಠಾಣೆಯ ರಿಜಿಸ್ಟರಿನ ರೂಪದಲ್ಲಿ ಕುಳಿತಿದ್ದಾನೆ, ಅಷ್ಟೆ.

ಗೋರಟಾದಂಥ ದಿನ ಮತ್ತೆ ಯಾರಿಗೂ ಬಾರದಿರಲಿ. ಬಂದರೆ ಕಾಯುವ ಕೈಗಳು ಬೇಕು, ಆ ಕೈಗಳಿಗೆ ಆಯುಧದ ಪರಿಚಯವೂ ಬೇಕು. ಆದರೆ ಅಪಾಯ ಕಳೆದ ಮರುದಿನ ಅದನ್ನು ಗೂಟಕ್ಕೆ ತೂಗುಹಾಕಿ, ನೆರೆಯವನು ಯಾವ ಮತದವನಾದರೂ ಅವನ ಮನೆಯ ಮುಂದೆ ಬರಿಗೈಯಲ್ಲಿ ನಿಲ್ಲುವುದನ್ನೂ ಕಲಿತಿರಬೇಕು. ಮಾಣಿಕನಗರದಲ್ಲಿ ದತ್ತಜಯಂತಿಯ ಜಾತ್ರೆಗೆ ಸೇರುವ ಜನರಲ್ಲಿ 1948ರ ಎರಡೂ ದುಃಖಗಳನ್ನು ಕಂಡ ಮನೆತನಗಳವರು ಇದ್ದೇ ಇರುತ್ತಾರೆ. ಅವರು ಒಂದೇ ಅಂಗಳದಲ್ಲಿ ನಿಂತು ಪ್ರಸಾದ ಪಡೆದು ಹೋಗುತ್ತಾರೆ.